ಕಾರ್ತಿಕದಲ್ಲಿ ಕಿತ್ತ ಕಾಯಿ

ತೆಂಗಿನಕಾಯಿ ಗೋಣಿಚೀಲದಲ್ಲಿ ಹುಟ್ಟುತ್ತದೆ ಎಂದು ನಾನು ಚಿಕ್ಕವಳಿದ್ದಾಗ ನಂಬಿದ್ದೆ. ನಂಬದೆ ಏನು ಮಾಡಲಿ? ದೇವದುರ್ಗದಲ್ಲಿ ನಾವು ಕಂಡ ಕಾಯಿಗಳೆಲ್ಲ ಲಾರಿಯಿಂದ ಚೀಲದಲ್ಲೇ ಇಳಿಯುತ್ತಿದ್ದವು. ಸಿಪ್ಪೆ ಸುಲಿಸಿಕೊಂಡು, ತಲೆಯ ಮೇಲೊಂದು ಜುಟ್ಟು ಇಟ್ಟುಕೊಂಡು ಅಂಗಡಿಯ ಮುಂದೆ ಗುಡ್ಡೆಯಾಗಿ ಕೂರುತ್ತಿದ್ದವು. ಜೋಳ ಯಾವಾಗ ತೆನೆ ಕಟ್ಟುತ್ತದೆ, ಯಾವಾಗ ಕಾಳಿಗೆ ಹಾಲು ತುಂಬುತ್ತದೆ, ಯಾವಾಗ ಎಳೆ ತೆನೆ ಸುಟ್ಟು ಸೀತನಿ ತಿನ್ನಬೇಕು ಎಂದು ನಮ್ಮ ಓಣಿಯ ಕೂಸೂ ಹೇಳುತ್ತಿತ್ತು. ತೆಂಗಿನಕಾಯಿಯ ವಿಷಯಕ್ಕೆ ಬಂದರೆ ನಮಗೆ ಗೊತ್ತಿದ್ದದ್ದು ಒಂದೇ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು, ನೀರಿನ ಸಪ್ಪಳ ಬರಬೇಕು. ಅದಕ್ಕಿಂತ ಮೊದಲು ಆ ಕಾಯಿ ಗಿಡದ ಮೇಲೆ ಏನು ಪಾಡು ಪಟ್ಟಿದೆ ಎಂದು ಯಾರೂ ಕೇಳಿದವರಲ್ಲ. ನಮ್ಮ ಮನೆಯ ಮಾನ ಹೋಗಲು ಅಷ್ಟು ಸಾಕಾಯಿತು.

ಗಿಡ ಬಂದದ್ದು ಅವ್ವನ ಕಡೆಯಿಂದ. ಅವ್ವನ ತವರು ಮಾನ್ವಿ ತಾಲೂಕಿನ ಕುರ್ಡಿ. ಅವಳ ತಂಗಿ, ಅಂದರೆ ನನ್ನ ಚಿಕ್ಕವ್ವ, ಮಾನ್ವಿಯಲ್ಲೇ ಇದ್ದಳು. ಚಿಕ್ಕಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ನಾಟಿಯ ಹೊತ್ತಿಗೆ ಅವ್ವ ತಂಗಿಯ ಮನೆಗೆ ಹೋಗಿ, ಇಬ್ಬರೂ ಕೂಡಿ ಕ್ಯಾಂಪಿನ ಗದ್ದೆಗಳಿಗೆ ಕೂಲಿಗೆ ಹೋಗುತ್ತಿದ್ದರು. ಕ್ಯಾಂಪು ಎಂದರೆ ಕಾಲುವೆ ನೀರಿನ ಬೆನ್ನು ಹತ್ತಿ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಊರು. ಅವರು ಭತ್ತದ ಜೊತೆಗೆ ಗದ್ದೆಯ ಬದುವಿನ ಮೇಲೆ ತೆಂಗನ್ನೂ ತಂದಿದ್ದರು. ಎಪ್ಪತ್ತರ ದಶಕದ ಮೊದಲಲ್ಲಿ ಒಂದು ಸಲ ನಾಟಿ ಮುಗಿದಾಗ ಗದ್ದೆಯ ಒಡತಿ ಅವ್ವನಿಗೆ ಮೊಳಕೆ ಬಂದ ಒಂದು ಕಾಯಿ ಕೊಟ್ಟಳು. ಅವ್ವ ಅದನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ಗಿಡಕ್ಕೂ ಟಿಕೇಟು ತಗೋ ಎಂದ ಕಂಡಕ್ಟರನ ಜೊತೆ ದಾರಿಯುದ್ದಕ್ಕೂ ಜಗಳ ಮಾಡಿದಳಂತೆ. ಮನೆಗೆ ಬಂದವಳೇ ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೋಡಿ ನೆಟ್ಟಳು.

ನೆಟ್ಟದ್ದು ಅವ್ವ, ಬೀಗಿದ್ದು ಅಪ್ಪ. ಅಪ್ಪ ಒಂದು ಸರಕಾರಿ ಕಚೇರಿಯಲ್ಲಿ ಜವಾನ. ಸಾಹೇಬರ ಮುಂದೆ ಬಾಯಿ ಬಿಡುತ್ತಿರಲಿಲ್ಲ, ಅಲ್ಲಿ ಉಳಿಸಿದ ಮಾತನ್ನೆಲ್ಲ ಮನೆಗೆ ತಂದು ಗಾದೆ ಮಾಡಿ ಹೇಳುತ್ತಿದ್ದ. ಅವನ ಬಾಯಲ್ಲಿ ಗಾದೆಗೆ ಬರಗಾಲವೇ ಇರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಒಂದು ಗಾದೆ, ಹೆಚ್ಚಾದರೆ ಇನ್ನೊಂದು. ಗಿಡ ಮಾಳಿಗೆಯ ಎತ್ತರಕ್ಕೆ ಬಂದ ಮೇಲೆ ಯಾರಾದರೂ ಮನೆ ಎಲ್ಲಿ ಎಂದು ಕೇಳಿದರೆ ಓಣಿಯ ಹೆಸರು ಹೇಳುವುದನ್ನೇ ಬಿಟ್ಟ. ತೆಂಗಿನ ಗಿಡ ಇರೋ ಮನಿ, ಯಾರನ್ನ ಕೇಳಿದರೂ ತೋರಸ್ತಾರ ಎನ್ನುತ್ತಿದ್ದ. ನಮ್ಮದು ಎರಡು ಕೋಣೆಯ ಮಣ್ಣಿನ ಮಾಳಿಗೆ, ಮಳೆ ಬಂದರೆ ಒಳಗೂ ಬರುತ್ತಿತ್ತು. ಊರಿಗೆ ತೋರಿಸಲು ನಮ್ಮಪ್ಪನ ಬಳಿ ಇದ್ದದ್ದು ಅದೊಂದೇ ಗಿಡ. ಇದನ್ನು ಈಗ ಬರೆಯುವಾಗ ಅವನ ಮೇಲೆ ಮರುಕ ಬರುತ್ತದೆ, ಆಗ ಮೈ ಉರಿಯುತ್ತಿತ್ತು.

ಗಿಡ ವರ್ಷಗಟ್ಟಲೆ ಹೂ ಬಿಡಲಿಲ್ಲ. ಅಷ್ಟರಲ್ಲಿ ನಾನು ಓದು ಮುಗಿಸಿ, ರಾಯಚೂರಿನಲ್ಲಿ ಶಿಕ್ಷಕರ ತರಬೇತಿ ಮಾಡಿ, ಮಾನ್ವಿಯ ಒಂದು ಶಾಲೆಯಲ್ಲಿ ಟೀಚರ್ ಆದೆ. ಚಿಕ್ಕವ್ವನ ಮನೆಯಲ್ಲಿದ್ದುಕೊಂಡು ರಜೆಗೆ ದೇವದುರ್ಗಕ್ಕೆ ಬರುತ್ತಿದ್ದೆ. ಎಂಬತ್ತು ದಾಟಿದ ಮೇಲೆ ಒಂದು ಯುಗಾದಿಗೆ ಬಂದಾಗ ಗರಿಗಳ ನಡುವೆ ಹೊಂಬಾಳೆ ಒಡೆದಿತ್ತು. ಅವ್ವ ಅದಕ್ಕೆ ಕುಂಕುಮ ಹಚ್ಚಿ ಕೈ ಮುಗಿದಿದ್ದಳು. ಹೊಂಬಾಳೆಯ ಎಳೆಎಳೆಗೂ ಭತ್ತದ ಕಾಳಿನಂಥ ಸಣ್ಣ ಹೂಗಳು. ಬುಡದಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಅಂಗಿಯ ಗುಂಡಿಯಂಥ ಮಿಡಿ. ಸಣ್ಣ ಹೂಗಳೆಲ್ಲ ಉದುರಿಹೋದವು. ಅವುಗಳ ಹಿಂದೆಯೇ ಮಿಡಿಗಳೂ ಉದುರತೊಡಗಿದವು. ಬೆಳಿಗ್ಗೆ ಕಸ ಗುಡಿಸುವಾಗ ಅವ್ವ ಅವನ್ನು ಆರಿಸಿ ಸೆರಗಿಗೆ ಹಾಕಿಕೊಂಡು ಅಳುತ್ತಿದ್ದಳು. ಯಾರದೋ ದೃಷ್ಟಿ ತಾಗಿದೆ ಎಂದು ಗಿಡಕ್ಕೆ ಹಳೆಯ ಚಪ್ಪಲಿ ಕಟ್ಟಿದಳು. ಗಿಡ ತನ್ನ ಕೈಲಾದಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ತಾನೇ ಬಿಡುತ್ತದೆ ಎಂದು ನಮಗೆ ಯಾರು ಹೇಳಬೇಕು? ಕೊನೆಗೆ ನಾಲ್ಕೈದು ಕಾಯಿ ನಿಂತವು. ಅವು ಮಳೆಗಾಲದಲ್ಲಿ ಮುಷ್ಟಿಯಷ್ಟಾದವು, ದೀಪಾವಳಿಯ ಹೊತ್ತಿಗೆ ಕೂಸಿನ ತಲೆಯಷ್ಟು ದಪ್ಪಗೆ ಹಸಿರಾಗಿ ನಿಂತವು. ಆಮೇಲೆ ಬೆಳೆಯಲಿಲ್ಲ. ಬೆಳೆಯುವುದು ಮುಗಿಯಿತು ಎಂದರೆ ಬಲಿಯುವುದೂ ಮುಗಿಯಿತು ಎಂದುಕೊಂಡೆವು.

ಆ ಕಾರ್ತಿಕದಲ್ಲೇ ನನ್ನ ಸಂಬಂಧ ಕೂಡಿ ಬಂತು. ತಂದವನು ಚಿಕ್ಕಪ್ಪ. ಹುಡುಗ ರಾಯಚೂರಿನಲ್ಲಿ ಗುಮಾಸ್ತ, ಸಿಮೆಂಟಿನ ಸ್ವಂತ ಮನೆ, ತಂದೆ ಇಲ್ಲ, ತಾಯಿ ಇದ್ದಾಳೆ, ಹಿರಿತನಕ್ಕೆ ದೊಡ್ಡಪ್ಪ ಇದ್ದಾನೆ. ಅದಕ್ಕೂ ಮೊದಲು ಬಂದವರೆಲ್ಲ ನೌಕರಿ ಬಿಡುತ್ತಾಳೇನು ಎಂದು ಕೇಳಿ ಹೋಗಿದ್ದರು. ಹೆಣ್ಣು ನೋಡಲು ಬಂದ ಈ ಹುಡುಗ ತಲೆ ತಗ್ಗಿಸಿಕೊಂಡೇ, ನೌಕರಿ ಬಿಡಬ್ಯಾಡ್ರಿ, ರಾಯಚೂರಿಗೆ ವರ್ಗ ಮಾಡಿಸಿಕೊಂಡ್ರ ಆತು ಎಂದರು. ನನಗೆ ಅವರು ಹಿಡಿಸಿದರು. ಆಗ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ರೂಢಿಯೂ ಇರಲಿಲ್ಲ. ಚಿಕ್ಕವ್ವನ ಮನೆಯಲ್ಲಿ ರೊಟ್ಟಿ ಬಡಿಯುವಾಗ ಸುಮ್ಮಸುಮ್ಮನೆ ನಗುತ್ತೀ ಎಂದು ಅವಳೇ ಛೇಡಿಸುತ್ತಿದ್ದಳು.

ನಮ್ಮಲ್ಲಿ ನಿಶ್ಚಯವೆಂದರೆ ದೇವರ ಮುಂದೆ ಗಂಡಿನ ಕಡೆಯ ಹಿರಿಯ ಕಾಯಿ ಒಡೆಯಬೇಕು. ಒಂದು ಹೋಳು ಅವರಿಗೆ, ಒಂದು ಹೋಳು ನಮಗೆ. ಆಮೇಲೆ ಕೊಬ್ಬರಿ ಚೂರು ಮಾಡಿ ಸಕ್ಕರೆ ಬೆರೆಸಿ ಎಲ್ಲರ ಕೈಗೂ ಹಾಕಬೇಕು. ಅದು ಬಾಯಿಗೆ ಬಿದ್ದ ಮೇಲೆ ಮಾತು ಗಟ್ಟಿ, ಯಾರೂ ಹಿಂದೆ ಸರಿಯುವಂತಿಲ್ಲ. ಅದಕ್ಕೆ ಅವ್ವ ಸಂತೆಯಿಂದ ಎರಡು ಕಾಯಿ ಆರಿಸಿ ತಂದಿಟ್ಟಿದ್ದಳು. ಅಪ್ಪ ಅವನ್ನು ಕೈಯಲ್ಲಿ ಮುಟ್ಟಲಿಲ್ಲ.

"ಹಿತ್ತಲದಾಗ ಗಿಡ ಇಟ್ಟುಕೊಂಡು ಸಂತಿ ಕಾಯಿ ಒಡೀಬೇಕೇನು? ಸಿಮೆಂಟ್ ಮನಿಯವರು ಬರಾಕತ್ತಾರ. ನಮ್ಮ ಮನ್ಯಾಗ ಏನರ ನಮ್ಮದು ಅಂತ ಇರಬೇಕಲ್ಲ" ಎಂದ.

ಹಿಂದಿನ ದಿನ ಸಂಜೆ ಮಾಳಿಗೆಯ ಅಂಚಿನಲ್ಲಿ ನಿಂತು ಒಂದು ಕಾಯಿಯನ್ನು ತಿರುವಿ ತಿರುವಿ ಕಿತ್ತ. ಹಾರೆ ನೆಟ್ಟು ಸುಲಿದ. ಸಿಪ್ಪೆ ನಾರಾಗಿ ಬಿಡಲಿಲ್ಲ, ಹಸಿ ಬೆಂಡಿನಂತೆ ತುಂಡುತುಂಡಾಗಿ ಬಂತು. ಒಳಗಿನ ಚಿಪ್ಪು ಅಂಗಡಿಯ ಕಾಯಿಯಂತೆ ಕಂದಾಗಿರಲಿಲ್ಲ, ಹಸಿ ಕಟ್ಟಿಗೆಯ ಬಣ್ಣಕ್ಕಿತ್ತು. ಅವ್ವ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸಪ್ಪಳ ಬರಲೊಲ್ಲದು, ನನಗ್ಯಾಕೋ ಧೈರ್ಯ ಇಲ್ಲ ಎಂದಳು. ಅಪ್ಪನ ಗಾದೆ ಸಿದ್ಧವಾಗಿತ್ತು.

"ತುಂಬಿದ ಕೊಡ ತುಳುಕಂಗಿಲ್ಲ."

ಮಾತೇನೋ ನಿಜವೇ. ಕಾಯಿ ಬಾಯಿಮಟ್ಟ ನೀರು ತುಂಬಿಕೊಂಡಿತ್ತು, ತುಳುಕಲು ಜಾಗವಿರಲಿಲ್ಲ. ನೀರು ತುಂಬಿದ್ದೇ ಅದರ ದೋಷ ಎಂದು ನಮಗೆ ಗೊತ್ತಿರಲಿಲ್ಲ. ಬಣ್ಣ ಯಾಕೆ ಹೀಗೆ ಎಂದು ನಾನು ಕೇಳಿದ್ದಕ್ಕೆ ಜಾತಿಯೇ ಬೇರೆ, ಆಂಧ್ರದ್ದು ಎಂದ. ಅವ್ವ ಸುಮ್ಮನೆ ಅರಿಶಿಣ ಕಲಸಿ ಕಾಯಿಗೆ ಮೆತ್ತಿ ಕುಂಕುಮ ಇಟ್ಟಳು. ಅರಿಶಿಣ ಮೈತುಂಬ ಹಚ್ಚಿದ ಮೇಲೆ ಅದೂ ಎಲ್ಲ ಕಾಯಿಗಳಂತೆ ಕಾಣಿಸಿತು.

ಮರುದಿನ ಅವರು ಬಂದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಂದವರನ್ನು ಮೊದಲು ಗಿಡದ ಬುಡಕ್ಕೆ ಕರೆದುಕೊಂಡು ಹೋಗಿ ತೋರಿಸಿ, ಆಮೇಲೆ ಒಳಗೆ ಕೂರಿಸಿದ. ಇದೇ ಗಿಡದ ಮೊದಲ ಫಲ, ನಿಮಗಾಗಿಯೇ ಇಟ್ಟಿದ್ದೆ ಎಂದು ಸಾರಿ ಸಾರಿ ಹೇಳಿದ. ಓಣಿಯ ಅರ್ಧ ಜನ ಬಾಗಿಲಲ್ಲಿದ್ದರು. ಹುಡುಗನ ದೊಡ್ಡಪ್ಪ ಕಾಯಿ ಎತ್ತಿ ಕಲ್ಲಿಗೆ ಹೊಡೆದರು. ಒಡೆಯಲಿಲ್ಲ. ಇನ್ನೊಂದು ಸಲ ಜೋರಾಗಿ ಹೊಡೆದರು. ಟಣ್ ಎನ್ನಬೇಕಾದ ಕಡೆ ಹಸಿ ಕುಂಬಳಕಾಯಿ ಒಡೆದಂಥ ಸದ್ದು ಬಂತು. ಚಿಪ್ಪು ಓರೆಯಾಗಿ ಸೀಳಿ, ತಂಬಿಗೆ ಮಗುಚಿದಂತೆ ನೀರು ಹಾರಿ, ದೊಡ್ಡಪ್ಪನವರ ಧೋತರ ಅಲ್ಲೇ ತೋಯ್ದುಹೋಯಿತು. ಹೋಳುಗಳನ್ನು ತಿರುಗಿಸಿ ನೋಡಿದರು. ಒಂದರಲ್ಲಿ ಬುಡಕ್ಕೆ ಮಾತ್ರ ಗಂಜಿಯ ಕೆನೆಯಂಥ ಲೋಳೆ ಅಂಟಿತ್ತು. ಜುಟ್ಟಿನ ಕಡೆಯ ಹೋಳಿನಲ್ಲಿ ಅದೂ ಇರಲಿಲ್ಲ, ಬರಿ ಚಿಪ್ಪು.

ಬಾಗಿಲಲ್ಲಿ ಯಾರೋ ಮುದುಕಿ, "ಯವ್ವಾ, ತಿರುಳೇ ಇಲ್ಲಲ್ಲ" ಎಂದಳು.

ನಾನು ಹೊಸ ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದೆ. ಆ ಮಾತು ಕಾಯಿಗೆ ಅಂದದ್ದೋ ನನಗೆ ಅಂದದ್ದೋ ಎಂದು ಅಲ್ಲಿದ್ದವರೆಲ್ಲ ಒಂದು ಸಲ ನನ್ನ ಕಡೆ ನೋಡಿದರು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದನ್ನು ನಾನು ಅವತ್ತು ನಿಜವಾಗಿ ಬೇಡಿಕೊಂಡೆ. ಅಪ್ಪನ ಮುಖ ನೋಡಲಾಗಲಿಲ್ಲ. ಅವ್ವ ಓಡಿಹೋಗಿ ಸಂತೆಯ ಕಾಯಿ ತಂದಳು, ಆದರೆ ದೊಡ್ಡಪ್ಪ ಬೇಡ ಎಂದು ಕೈ ಅಡ್ಡ ಮಾಡಿದರು. ಒಂದೇ ಕಾರ್ಯಕ್ಕೆ ಎರಡು ಕಾಯಿ ಒಡೆಯಬಾರದು, ಇವತ್ತು ಇರಲಿ, ಮತ್ತೊಂದು ದಿನ ನೋಡಿ ಬರುತ್ತೇವೆ ಎಂದರು. ತಮ್ಮ ಪಾಲಿನ ಹೋಳನ್ನು ಟವಲಿನಲ್ಲಿ ಕಟ್ಟಿಕೊಂಡರು. ಊಟ ಮಾಡಿ ಎದ್ದರು. ಹುಡುಗ ಹೋಗುವಾಗ ನನ್ನ ಕಡೆ ನೋಡಿದರೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ತಲೆ ಎತ್ತಿರಲಿಲ್ಲ. ಸಕ್ಕರೆಯ ಡಬ್ಬಿ ಮುಚ್ಚಳ ತೆಗೆದದ್ದು ಹಾಗೆಯೇ ಇತ್ತು, ಇರುವೆ ಹತ್ತಿತು.

ಸುದ್ದಿ ನನಗಿಂತ ಮೊದಲು ಮಾನ್ವಿಗೆ ಮುಟ್ಟಿತ್ತು. ಬಾಗಲವಾಡದಿಂದ ಬರುತ್ತಿದ್ದ ಜೊತೆಯ ಟೀಚರ್ ಒಬ್ಬಳು ಕಾಯಿ ಚಟ್ನಿಯ ಡಬ್ಬಿ ತೆಗೆದು, ನಿಮ್ಮ ಗಿಡದ್ದಲ್ಲರೀ, ತಿನ್ನರಿ ಎಂದು ನಕ್ಕಳು. ಉಳಿದವರೂ ನಕ್ಕರು, ನಾನೂ ನಕ್ಕೆ. ಬಾವಿಯ ಕಡೆ ಹೋಗಿ ಮುಖ ತೊಳೆದುಕೊಂಡು ಬಂದು ಬೀಜ ಪ್ರಸಾರದ ಪಾಠ ಮಾಡಿದೆ. ತೆಂಗು ನೀರಿನಲ್ಲಿ ತೇಲಿ ಹೋಗುತ್ತದೆ ಎಂದು ಪುಸ್ತಕದಲ್ಲಿತ್ತು. ಬಲಿಯಲು ಎಷ್ಟು ದಿನ ಬೇಕು ಎಂದು ಅದರಲ್ಲಿರಲಿಲ್ಲ. ಮಕ್ಕಳಿಗೆ ತೆಂಗಿನ ಚಿತ್ರ ಬರೆಯಲು ಹೇಳುವ ಧೈರ್ಯ ನನಗಾಗಲಿಲ್ಲ.

ಅಪ್ಪನ ಸ್ಥಿತಿ ಅದಕ್ಕಿಂತ ಕಡೆ. ಕಚೇರಿಗೆ ಬಜಾರಿನ ದಾರಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದ. ಗಾದೆ ಹೇಳುವುದನ್ನು ಬಿಟ್ಟ. ರಾಯಚೂರಿನಿಂದ ಒಂದು ಮಾತೂ ಬರಲಿಲ್ಲ. ಕಾರ್ತಿಕ ಮುಗಿಯಿತು, ಮಾರ್ಗಶಿರ ಬಂತು. ಒಂದು ರಜೆಗೆ ಹೋದಾಗ ಅಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡು, ಅವರು ಬ್ಯಾಡ ಅಂದರಂತ, ನಿಮ್ಮ ಚಿಕ್ಕಪ್ಪ ಬಂದು ಹೇಳಿ ಹೋದ ಎಂದ. ಅವ್ವ ಕಾಯಿ ಸಲುವಾಗಿ ಬಿಟ್ಟರೇನು ಎಂದು ಕೇಳಿದಳು. ಮತ್ಯಾತರ ಸಲುವಾಗಿ ಎಂದು ಎದ್ದು ಹೋದ. ಮಾನ್ವಿಗೆ ಬಂದು ಚಿಕ್ಕಪ್ಪನನ್ನು ಕೇಳಿದರೆ ಅವನೂ ತಲೆ ಕೆರೆದುಕೊಂಡು, ಹೌದವ್ವಾ, ಮುರೀತು ಎಂದ. ಆ ರಾತ್ರಿ ನಾನು ಉಣ್ಣಲಿಲ್ಲ. ಚಿಕ್ಕವ್ವ ಛೇಡಿಸಲಿಲ್ಲ.

ಅಪ್ಪ ಗಿಡ ಕಡಿಯಲು ಹೊರಟ. ಕೊಡಲಿ ಮಸೆಸಿಕೊಂಡೂ ಬಂದಿದ್ದ. ಅವ್ವ ಗಿಡಕ್ಕೆ ಬೆನ್ನು ಕೊಟ್ಟು ನಿಂತಳು. ಬೈಯಲಿಲ್ಲ, ಅಳಲಿಲ್ಲ.

"ಗಿಡ ಏನು ತಪ್ಪು ಮಾಡೇದ? ಉಳಿದ ಕಾಯಿ ತಾವಾಗಿ ಬೀಳಲಿ. ಒಂದು ಕಾಯಿ ಆ ಮನಿ ಮುಂದ ಒಡದು ತೋರಿಸಿ ಬರ್ತೀನಿ. ಆಮ್ಯಾಲ ಬೇಕಾದ್ರ ಕಡಿ" ಎಂದಳು.

ಅವಳ ತಲೆಯಲ್ಲಿ ಸಂಬಂಧ ಇನ್ನೂ ಪೂರ್ತಿ ಮುರಿದಿರಲಿಲ್ಲ. ಕಾಯಿಯಿಂದ ಕೆಟ್ಟದ್ದು ಕಾಯಿಯಿಂದಲೇ ನೆಟ್ಟಗಾಗುತ್ತದೆ ಎಂದು ನಂಬಿದ್ದಳು. ನನಗೂ ಒಳಗೊಳಗೇ ಆಸೆ ಇತ್ತು, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬೇಡವೆಂದವರ ಮನೆಯ ಬಾಗಿಲನ್ನು ನಾನು ಮನಸ್ಸಿನಲ್ಲಿ ಎಷ್ಟೋ ಸಲ ತಟ್ಟಿದ್ದೆ.

ಆಮೇಲೆ ನಾನು ರಜೆಗೆ ಬಂದಾಗಲೆಲ್ಲ ಗಿಡ ನೋಡುವುದೇ ಕೆಲಸವಾಯಿತು. ಹೊರಗೆ ಏನೂ ಕಾಣಿಸುತ್ತಿರಲಿಲ್ಲ, ಅದೇ ಗಾತ್ರ, ಅದೇ ಹಸಿರು. ಸಂಕ್ರಾಂತಿಯ ಸುಮಾರಿಗೆ ಅಳಿಲು ಕಡಿದು ಒಂದು ಕಾಯಿ ಬಿತ್ತು. ಅವ್ವ ಒಡೆದು ನೋಡಿದಳು. ಬುಡದಲ್ಲಿದ್ದ ಲೋಳೆ ಈಗ ಚಿಪ್ಪಿನ ಸುತ್ತಲೂ ಹಬ್ಬಿ, ತೆಳ್ಳನೆಯ ರೊಟ್ಟಿಯಷ್ಟು ದಪ್ಪ ಕಟ್ಟಿತ್ತು. ಉಗುರಿನಿಂದ ಎಬ್ಬಿಸಿದರೆ ಏಳುತ್ತಿತ್ತು. ಶಿವರಾತ್ರಿ ಕಳೆದು ಗಾಳಿಗೆ ಇನ್ನೊಂದು ಬಿತ್ತು. ಅದರ ಚಿಪ್ಪು ಕಂದಾಗಿತ್ತು, ತಿರುಳು ಗಟ್ಟಿಯಾಗಿತ್ತು, ಆದರೆ ಇನ್ನೂ ಹಸಿ, ಅಗಿದರೆ ಹಾಲು ಕಡಿಮೆ. ಮೊದಲು ನೀರು ತುಂಬುತ್ತದೆ. ಆ ನೀರೇ ಬುಡದಿಂದ ಕೆನೆಗಟ್ಟುತ್ತಾ ಮೇಲೆ ಬರುತ್ತದೆ. ಕೆನೆ ಗಟ್ಟಿಯಾದಂತೆ ನೀರು ಕಡಿಮೆಯಾಗುತ್ತದೆ, ಆಗ ಒಳಗೆ ಜಾಗವಾಗಿ ಸಪ್ಪಳ ಹುಟ್ಟುತ್ತದೆ. ಹೊರಗಿನ ಬೆಳವಣಿಗೆ ಕಾರ್ತಿಕಕ್ಕೇ ಮುಗಿದಿರುತ್ತದೆ, ಒಳಗಿನದು ಆಗಷ್ಟೇ ಶುರುವಾಗಿರುತ್ತದೆ. ಇಷ್ಟು ತಿಳಿಯಲು ನಮಗೆ ಯುಗಾದಿಯಿಂದ ಯುಗಾದಿಯವರೆಗೆ ಬೇಕಾಯಿತು.

ಮರುವರ್ಷದ ಯುಗಾದಿಯ ಬೆನ್ನಿಗೇ ಒಂದು ಮಧ್ಯಾಹ್ನ ಕಾಯಿ ತಾನೇ ಬಿತ್ತು. ಒಣಗಿ ಬೂದುಬಣ್ಣಕ್ಕೆ ತಿರುಗಿತ್ತು. ಅವ್ವ ಸುಲಿದು, ಜುಟ್ಟು ಬಿಟ್ಟು, ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ನೀರು ಗುಳುಗುಳು ಎಂದಿತು. ಅವಳು ಮತ್ತೆ ಅರಿಶಿಣ ಹಚ್ಚಲಿಲ್ಲ. ನಡಿ ರಾಯಚೂರಿಗೆ ಎಂದಳು. ಅಪ್ಪ ಬೇಡ, ಹೋಗಬ್ಯಾಡ್ರಿ ಎಂದು ಎರಡು ಮೂರು ಸಲ ಹೇಳಿದ. ಅವನ ಧ್ವನಿ ಸಿಟ್ಟಿನದಾಗಿರಲಿಲ್ಲ, ಹೆದರಿಕೆಯದಾಗಿತ್ತು. ಅವಮಾನಕ್ಕೆ ಹೆದರಿದ್ದಾನೆ ಎಂದುಕೊಂಡೆ.

ಸಿರವಾರದ ಮೇಲೆ ಹೋಗುವ ಬಸ್ಸು. ಕಿಟಕಿಯಿಂದ ಬೆಂಕಿಯಂಥ ಗಾಳಿ. ಅವ್ವ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಅವತ್ತು ಮೊಳಕೆ ತಂದಾಗಲೂ ಹೀಗೇ ಕೂತಿದ್ದಳೇನೋ. ಕಲ್ಲೂರಿನಲ್ಲಿ ಬಸ್ಸು ನಿಂತಾಗ ಇಳಿದು ಓಡಿಹೋಗೋಣ ಅನ್ನಿಸಿತು ನನಗೆ. ಟೀಚರ್ ಆದವಳು, ಬ್ಯಾಡ ಅಂದವರ ಮನೆಗೆ ತಾಯಿಯ ಹಿಂದೆ ಕಾಯಿ ಹಿಡಿದುಕೊಂಡು ಹೋಗುವುದೆಂದರೆ! ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಸಿಲು ಎಂದು ನೆಪ ಹೇಳಿದೆ.

ಬಾಗಿಲು ತೆಗೆದವರು ಹುಡುಗನ ತಾಯಿ. ನಮ್ಮನ್ನು ನೋಡಿ ಸೆರಗು ಸರಿಮಾಡಿಕೊಂಡರು. ಆಮೇಲೆ ಬರ್ರಿ ಎಂದರು, ಚಾಪೆ ಹಾಸಿದರು, ತಂಬಿಗೆಯಲ್ಲಿ ನೀರು ಕೊಟ್ಟರು. ಅವ್ವ ಚೀಲದಿಂದ ಕಾಯಿ ತೆಗೆದು ಅವರ ಮುಂದಿಟ್ಟು, ಅವತ್ತಿನದು ಎಳೆಯದಿತ್ತು, ತಪ್ಪು ನಮ್ಮದು, ಇದನ್ನು ನಿಮ್ಮ ಕೈಯಿಂದ ಒಡೆದು ನೋಡ್ರಿ, ನನ್ನ ಮಗಳನ್ನು ಆ ಕಾಯಿಯಿಂದ ಅಳೀಬ್ಯಾಡ್ರಿ ಎಂದಳು. ಆ ತಾಯಿ ಕಾಯಿಯನ್ನೂ ನೋಡಿದರು, ಅವ್ವನನ್ನೂ ನೋಡಿದರು.

"ಅಕ್ಕಾರ, ಎಳಿಗಾಯಿ ಸಲುವಾಗಿ ಯಾರರ ಸಂಬಂಧ ಬಿಡ್ತಾರೇನ್ರಿ? ನಾವು ಪುಷ್ಯ ಮಾಸ ಕಳೀಲಿ ಅಂತ ಕುಂತಿದ್ವಿ. ಬ್ಯಾಡ ಅಂತ ಹೇಳಿ ಕಳಿಸಿದವರು ನೀವು" ಎಂದರು.

ಅವ್ವನಿಗೆ ಅರ್ಥವಾಗಲಿಲ್ಲ, ನನಗಾಯಿತು. ಅವರು ಬಿಡಿಸಿ ಹೇಳಿದರು. ಮಾರ್ಗಶಿರದಲ್ಲೇ ಚಿಕ್ಕಪ್ಪ ಬಂದು, ನಮ್ಮ ಅಣ್ಣಗ ಈ ಸಂಬಂಧ ಮನಸಿಗೆ ಬರವಲ್ಲದು, ಬೇರೆ ಕಡೆ ನೋಡಿಕೊಳ್ರಿ ಎಂದು ಹೇಳಿ ಹೋದನಂತೆ. ನಮ್ಮಲ್ಲಿ ಏನು ಕೊರತೆ ಕಂಡರೋ ಎಂದು ದೊಡ್ಡಪ್ಪ ಬಹಳ ನೊಂದುಕೊಂಡರಂತೆ. ಹೆಣ್ಣಿನ ಮನೆಯಿಂದ ಬೇಡ ಅನಿಸಿಕೊಂಡದ್ದಕ್ಕೆ ಇವರೂ ಓಣಿಯಲ್ಲಿ ಮುಖ ತೋರಿಸಲಾಗದೆ, ಮಾಘದಲ್ಲೇ ಗಬ್ಬೂರಿನ ಕಡೆ ಮಗನ ಮದುವೆ ಮುಗಿಸಿದ್ದರು. ಒಳಗಿನಿಂದ ಬಳೆಯ ಸದ್ದು ಬಂತು. ಅದು ಸೊಸೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಆ ಹೋಳಿನ್ಯಾಗಿನ ಗಂಜಿ ನನ್ನ ಮಗನೇ ತಿಂದ, ಬಸ್ಸಿನ್ಯಾಗ" ಎಂದರು ಅವರು. "ಸಿಹಿ ಅದ ಅಂದ."

ಅವ್ವ ಕಾಯಿಯನ್ನು ವಾಪಸು ಚೀಲಕ್ಕೆ ಹಾಕಲು ಹೋದಳು. ಅವರು ಬಿಡಲಿಲ್ಲ. ದೇವರ ಮುಂದೆ ತಾವೇ ಒಡೆದರು. ಒಂದೇ ಏಟಿಗೆ ನಡುಮಧ್ಯ ಎರಡಾಯಿತು. ಬೆರಳಿನ ದಪ್ಪ ಬಿಳಿ ತಿರುಳು. ಒಂದು ಹೋಳು ತಾವಿಟ್ಟುಕೊಂಡು, ಇನ್ನೊಂದನ್ನು ಅಕ್ಕಿಯ ಜೊತೆ ನನ್ನ ಉಡಿಗೆ ಹಾಕಿ, ಒಳ್ಳೆ ಮನಿ ಸಿಗಲಿ ಎಂದರು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮರ್ಯಾದೆಯನ್ನು ತಡೆದುಕೊಳ್ಳಲು ಆಗಲಿಲ್ಲ.

ತಿರುಗಿ ಬರುವಾಗ ಅವ್ವ ಖಾಲಿ ಚೀಲವನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡಳು. ಸಿರವಾರ ದಾಟಿದ ಮೇಲೆ, ಕಿಟಕಿಯ ಕಡೆ ನೋಡುತ್ತಲೇ, "ನಿಮ್ಮಪ್ಪ ಕಾಯಿನೂ ಎಳೀದಿದ್ದಾಗ ಕಿತ್ತ, ಸಂಬಂಧನೂ ಎಳೀದಿದ್ದಾಗ ಕಿತ್ತ" ಎಂದಳು. ನಾನು ಅಪ್ಪನ ಮೇಲೆ ಕುದಿಯುತ್ತಿದ್ದೆ. ಮಾತು ಆಡಿದರೆ ಹೋಯಿತು ಎಂಬ ಗಾದೆಯೊಂದೇ ಅವನಿಗೆ ನೆನಪಾಗಲಿಲ್ಲವೇ? ಮನೆಗೆ ಹೋದೊಡನೆ ಎಲ್ಲವನ್ನೂ ಮುಖಕ್ಕೆ ಹೇಳಿಬಿಡಬೇಕು ಎಂದು ಒಂದೊಂದೇ ಮಾತು ಜೋಡಿಸಿಕೊಳ್ಳುತ್ತಿದ್ದೆ.

ಅಪ್ಪ ಗಿಡದ ಬುಡದಲ್ಲಿ ಹೊರಸಿನ ಮೇಲೆ ಕೂತಿದ್ದ. ನಾವು ಬರುವುದನ್ನು ಕಂಡು ಎದ್ದ. ಅವನು ನಮ್ಮ ಮುಖ ನೋಡಲಿಲ್ಲ, ನನ್ನ ಉಡಿ ನೋಡಿದ.

"ಒಡದ್ರೇನು?"

"ಒಡದ್ರು" ಎಂದಳು ಅವ್ವ.

"ತಿರುಳು?"

ಅವ್ವ ನನ್ನ ಉಡಿಯಿಂದ ಹೋಳು ತೆಗೆದು ಅವನ ಕೈಗೆ ಕೊಟ್ಟಳು. ಅವನು ಹೆಬ್ಬೆರಳಿನಿಂದ ತಿರುಳನ್ನು ಸುತ್ತಲೂ ಸವರಿದ. ಮತ್ತೇನಂದ್ರು ಎಂದು ಕೇಳಿದ. ಹುಡುಗಗ ಬ್ಯಾರೆ ಕಡೆ ಮದಿವಿ ಆಗ್ಯಾದ ಎಂದಳು ಅವ್ವ. ಅಪ್ಪ ಹೊರಸಿನ ಮೇಲೆ ಕುಸಿದು ಕೂತು ದೊಡ್ಡದಾಗಿ ಉಸಿರು ಬಿಟ್ಟ.

"ನೋಡಿದ್ರಾ? ನನಗ ಗೊತ್ತಿತ್ತು, ಅವರಿಗೆ ಮೊದಲೇ ಮನಸಿರಲಿಲ್ಲ. ಅದಕ್ಕೇ ಅವರು ಅನ್ನೋ ಮುಂಚೆ ನಾವೇ ಬ್ಯಾಡ ಅಂತ ಹೇಳಿ ಕಳಿಸಿದ್ದೆ. ನಿಮಗ ಹೇಳಿರಲಿಲ್ಲ. ಮಾನ ಒಂದು ಉಳೀತು" ಎಂದ.

ಜೋಡಿಸಿಕೊಂಡು ಬಂದ ಮಾತೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವ್ವ ನನ್ನ ಕಡೆ ತಿರುಗಿ ನೋಡಿದಳು. ನಾನು ಬಾಯಿ ಮುಚ್ಚಿಕೊಂಡೆ. ಅವಳು ಬಾಗಿ ಹೋಳಿನಿಂದ ಒಂದು ಚೂರು ಎಬ್ಬಿಸಿ ಅವನ ಅಂಗೈಗೆ ಹಾಕಿ, ತಿನ್ನು ಎಂದಳು. ಅಪ್ಪ ಅದನ್ನು ಬಾಯಿಗೆ ಹಾಕಿಕೊಂಡ. ಅಗಿಯುತ್ತಾ, ನಮ್ಮ ಗಿಡದ್ದು ಎಷ್ಟು ಸಿಹಿ ಅದ ನೋಡು ಎಂದು ಕಣ್ಣೊರೆಸಿಕೊಂಡ. ಆಮೇಲೆ ನನ್ನನ್ನು ಕರೆದು ಒಳಗಿನಿಂದ ಸಕ್ಕರೆ ತಾ ಎಂದ. ನಾನು ಡಬ್ಬಿ ತಂದು ಕೊಟ್ಟೆ. ಅವನು ಕೊಬ್ಬರಿಯ ಚೂರಿನ ಮೇಲೆ ಚಿಟಿಕೆ ಸಕ್ಕರೆ ಹಾಕಿ, ನಿಶ್ಚಯದ ದಿನ ಹಂಚಬೇಕಾಗಿದ್ದಂತೆ, ಮೊದಲು ನನ್ನ ಕೈಗೇ ಕೊಟ್ಟ.